ಬೀಗಿತ್ತಿಯ ಅಪ್ಪ ಬೇಯಿಸಿದ ಕಡಲೆಕಾಯಿ

ಅಮೆರಿಕದ ಮಾರಿಸ್‌ವಿಲ್‌ನಲ್ಲಿರುವ ಮಗಳ ಮನೆಯಿಂದ ದಕ್ಷಿಣ ಕೆರೊಲಿನಾಕ್ಕೆ ಹೊರಟಿದ್ದೇವೆ. ಡ್ರೈವ್ ಮಾಡುತ್ತಿರುವವಳು ಮಗಳು. ಹಿಂದಿನ ಸೀಟಿನಲ್ಲಿ ನಾನು ಮತ್ತು ಜರ್ಮನಿಯಿಂದ ಬಂದಿರುವ ನನ್ನ ಬೀಗಿತ್ತಿ, ಅಳಿಯನ ತಾಯಿ ರೆನಾಟೆ. ರಸ್ತೆ ಬದಿಯ ಅಂಗಡಿಯೊಂದರ ಮುಂದೆ ಹಂಡೆಯಲ್ಲಿ ಕಡಲೆಕಾಯಿ ಬೇಯುತ್ತಿದ್ದದ್ದು ಕಂಡು ಕಾರು ನಿಲ್ಲಿಸಲು ಹೇಳಿದೆ. ಅಮೆರಿಕದವರೂ ಇದನ್ನು ಉಪ್ಪು ಹಾಕಿ ಬೇಯಿಸುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಕೊಂಡ ಪೊಟ್ಟಣದಿಂದ ಒಂದು ಬೀಜ ಬಾಯಿಗೆ ಹಾಕಿಕೊಂಡ ರೆನಾಟೆ ತಮ್ಮ ಅಪ್ಪನ ಮಾತು ತೆಗೆದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಸೆರೆಸಿಕ್ಕ ಅವರಪ್ಪ, ಕೈದಿಯಾಗಿ ಇದೇ ಸೀಮೆಯ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದರಂತೆ. ಊರಿಗೆ ಮರಳಿದ ಮೇಲೆ ಯುದ್ಧದ ಮಾತೇ ಆಡದ ಮನುಷ್ಯ, ತಮ್ಮ ಟೋಪಿಗೆ ಹೊಲದ ಯಜಮಾನಿ ಸುರಿದ ಬಿಸಿ ಕಡಲೆಕಾಯಿಯ ರುಚಿಯನ್ನು ಮಾತ್ರ ನೆನೆಸಿಕೊಳ್ಳುತ್ತಿದ್ದರಂತೆ.

“ಒಂದ್ಸಲ ಮನೇಲಿ ತಾವೇ ಬೇಯಿಸಿದ್ರು,” ಅಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. “ಬಾಯಿಗೆ ಇಡೋಕಾಗಲಿಲ್ಲ. ಅಪ್ಪ ಹೇಳಿದ್ದೆಲ್ಲ ಕಟ್ಟುಕತೆ ಅಂತ ಮನೆಮಂದಿ ನಕ್ಕುಬಿಟ್ವಿ.”

“ಎಂಥ ಕಾಯಿ ತಂದಿದ್ರು?”

“ಅಂಗಡೀದು. ಹುರಿದದ್ದು.”

ನಾನಂದೆ: “ಹುರಿದದ್ದು ಬೇಯಿಸಿದ್ರೆ ಈ ರುಚಿ ಬರಲ್ಲ ಕಣ್ರೀ. ಹೊಲದಿಂದ ಕಿತ್ತ ಹಸಿ ಕಾಯೇ ಆಗಬೇಕು.”

“ನಮ್ಮೂರಲ್ಲಿ ಹಸಿ ಕಾಯಿ ಎಲ್ಲಿ ಸಿಗಬೇಕು?”

ಬಿಡಿಸಿದ ಇನ್ನೊಂದು ಬೀಜ ಅವರ ಅಂಗೈಯಲ್ಲೇ ಉಳಿದಿತ್ತು. ಕಾರು ಹೊರಟು ಸ್ವಲ್ಪ ದೂರ ಹೋದ ಮೇಲೆ ಹೇಳಿದರು:

“ಆವತ್ತು ನಾವ್ಯಾರೂ ಮತ್ತೆ ಅದನ್ನ ಮುಟ್ಟಲಿಲ್ಲ. ಅಪ್ಪ ಒಬ್ಬರೇ ಕೂತು, ಪಾತ್ರೆ ಖಾಲಿಯಾಗೋವರೆಗೂ ತಿಂದ್ರು.”