ಆ ಅರವತ್ತು ಹೌಸಿಂಗ್ ಕೆಡಿಸಿದ್ದು ನಾನು

ಮಷೀನಿನಲ್ಲಿ ಏನಾದರೂ ಬದಲು ಮಾಡಿದ್ದೀರಾ ಎಂದು ಮ್ಯಾನೇಜರ್ ಕೇಳಿದರು.

"ಇಲ್ರಿ ಸಾಹೇಬ್ರ, ನಾ ಏನೂ ಮುಟ್ಟಿಲ್ರಿ" ಅಂದುಬಿಟ್ಟೆ.

ಪಕ್ಕದಲ್ಲೇ ಶೇಖರಪ್ಪ ನಿಂತಿದ್ದ. ನಾವು ಮಾಡಿದ ಕೆಲಸವನ್ನು ಅಳೆದು ಪಾಸ್ ಮಾಡುವ ಇನ್‌ಸ್ಪೆಕ್ಟರ್, ಕುಷ್ಟಗಿಯವನು, ನನ್ನ ಜೀವದ ಗೆಳೆಯ. ಅವತ್ತು ಅವನ ಕೆಲಸ ಹೋಯಿತು, ನನ್ನದು ಉಳಿಯಿತು.

ಎಂಬತ್ತರ ದಶಕದ ಕೊನೆಯ ಮಾತಿದು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಹತ್ತಿರ ನಮ್ಮ ಫ್ಯಾಕ್ಟರಿ. ಅಲ್ಲಿಗೆ ಕಂಪ್ಯೂಟರಿನಿಂದ ನಡೆಯುವ ಮೊದಲ ಸಿಎನ್‌ಸಿ ಲೇತ್ ಬಂದಾಗ, ಅದನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ನಾನಿದ್ದೆನಲ್ಲ!

ಗಂಗಾವತಿಯಲ್ಲಿ ರೈಸ್ ಮಿಲ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಹತ್ತು ವರ್ಷ ಹಳೇ ಲೇತ್ ತಿರುಗಿಸಿ ಬಂದವನು ನಾನು. ಕಿವಿಯಿಂದಲೇ ಟೂಲ್ ಮೊಂಡಾದದ್ದು ಹೇಳುತ್ತಿದ್ದೆ. ಸೊಕ್ಕು ಇತ್ತು, ಸುಳ್ಳು ಯಾಕೆ ಹೇಳಲಿ.

ಹಳೇ ಲೇತಿನಲ್ಲಿ ನೀರು ಬಿಡದೆ ಒಣದಾಗಿಯೇ ಕಟಿಂಗ್. ಜಾಬ್, ಅಂದರೆ ಕೊರೆಯುವ ಕಬ್ಬಿಣದ ತುಂಡು, ಕೆಂಡದ ಹಾಗೆ ಕಾಯುತ್ತಿತ್ತು. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಅದಕ್ಕೇ ಬೇರಿಂಗ್ ಕೂರುವ ತೂತನ್ನು ಎರಡು ಪಾಯಿಂಟ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ, ದೊಡ್ಡದು ಮಾಡಿ ಬಿಡುತ್ತಿದ್ದೆ. ಆರಿದ ಮೇಲೆ ಅದು ಸರಿಯಾದ ಅಳತೆಗೆ ಬಂದು ಕೂರುತ್ತಿತ್ತು.

ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕೈಯೇ ಕಲಿತದ್ದು.

ಮಷೀನ್ ಕಂಪನಿಯ ಎಂಜಿನಿಯರ್ ಹತ್ತು ದಿನ ಇದ್ದು, ಪ್ರೋಗ್ರಾಂ ಹಾಕಿಕೊಟ್ಟು ಹೋದ. ಮರುದಿನವೇ ಪಂಪಿನ ಅರವತ್ತು ಹೌಸಿಂಗ್, ಅಂದರೆ ಬೇರಿಂಗ್ ಕೂರುವ ಗೂಡು, ಮಾಡಬೇಕಿತ್ತು.

ಪರದೆಯ ಮೇಲಿನ ಅಳತೆ ನೋಡಿ ನಗು ಬಂತು. ಪಾಪ, ಎಂಜಿನಿಯರ್ ಹುಡುಗ ಆರುವ ಲೆಕ್ಕವನ್ನೇ ಮರೆತಿದ್ದಾನೆ ಅಂದುಕೊಂಡೆ. ಎರಡು ಪಾಯಿಂಟ್ ನಾನೇ ಜಾಸ್ತಿ ಒತ್ತಿದೆ.

ಆದರೆ ಹೊಸ ಮಷೀನಿನಲ್ಲಿ ಬಾಗಿಲು ಮುಚ್ಚಿದರೆ ಸಾಕು, ಜಾಬಿನ ಮೇಲೆ ಹಾಲಿನಂಥ ಬಿಳೀ ನೀರು ಧೋ ಎಂದು ಸುರಿಯುತ್ತಲೇ ಇರುತ್ತದೆ. ಜಾಬ್ ಕಾಯುವುದೇ ಇಲ್ಲ. ಕಾಯದಿದ್ದರೆ ಆರುವುದೆಲ್ಲಿಂದ ಬಂತು, ಕುಗ್ಗುವುದೆಲ್ಲಿಂದ ಬಂತು?

ಮೊದಲ ಹೌಸಿಂಗ್ ತೆಗೆದು ಅಳೆದೆ. ಎರಡು ಪಾಯಿಂಟ್ ದೊಡ್ಡದು. ಛಲೋ ಆಯಿತು, ಆರಲಿ ಅಂದೆ.

ಕೈಗೆ ಅದು ತಣ್ಣಗೇ ಹತ್ತಿತ್ತು. ಅಂಗೈಯಲ್ಲೇ ಹಿಡಿದು ನಿಂತಿದ್ದೆ... ತಲೆಗೆ ಹೋಗಲಿಲ್ಲ.

ಶೇಖರಪ್ಪನ ಹತ್ತಿರ ಗೇಜ್ ಇತ್ತು. ಅದಕ್ಕೆ ಎರಡು ತುದಿ. ಒಂದು ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು; ಹೋದರೆ ತೂತು ದೊಡ್ಡದಾಗಿದೆ ಎಂದರ್ಥ. ಬೇರೆಯವರ ಕೆಲಸಕ್ಕೆ ಎರಡೂ ತುದಿ ಹಾಕಿ ನೋಡುತ್ತಿದ್ದ. ನನ್ನದಕ್ಕೆ ಮೊದಲಿಂದಲೂ ಒಳಗೆ ಹೋಗುವ ತುದಿ ಒಂದೇ.

"ನಿನ್ನ ಜಾಬಿಗೆ ಎರಡನೇ ತುದಿ ಯಾಕ ಬೇಕಲೇ ದೋಸ್ತಾ, ನಿನ್ನ ಕೈನ ಗೇಜ್ ಐತಿ" ಅನ್ನುತ್ತಿದ್ದ. ಆ ಮಾತು ಕೇಳಿ ಉಬ್ಬುತ್ತಿದ್ದೆ.

ಅರವತ್ತಕ್ಕೂ ಪಾಸ್ ಎಂಬ ಮೊಹರು, ಅವನ ಸಿಕ್ಕೆ ಬಿತ್ತು. ಸಂಜೆ ನಾನು ಒತ್ತಿದ್ದನ್ನೆಲ್ಲ ಅಳಿಸಿ, ಎಂಜಿನಿಯರ್ ಬಿಟ್ಟುಹೋದ ಅಳತೆಗೇ ತಂದಿಟ್ಟು ಮನೆಗೆ ಹೋದೆ. ಕೆಲಸ ಮುಗಿದ ಮೇಲೆ ಲೇತಿನ ಡಯಲ್ ಸೊನ್ನೆಗೆ ತರುವುದು ಹಳೇ ರೂಢಿ.

ವಾರದಲ್ಲಿ ಎಲ್ಲವೂ ವಾಪಸ್ ಬಂದವು. ಒತ್ತಿ ಕೂರಿಸಬೇಕಾದ ಬೇರಿಂಗ್, ಕೈ ಬಿಟ್ಟರೆ ತಾನೇ ಒಳಗೆ ಬೀಳುತ್ತಿತ್ತು. ಸಣ್ಣ ತೂತನ್ನು ದೊಡ್ಡದು ಮಾಡಬಹುದು, ದೊಡ್ಡದಾದದ್ದನ್ನು ಸಣ್ಣದು ಮಾಡಲಾಗುವುದಿಲ್ಲ. ಅಷ್ಟೂ ಗುಜರಿಗೆ.

ಮ್ಯಾನೇಜರ್ ಕರೆಯುವ ಹೊತ್ತಿಗೆ ನನಗೆ ತಪ್ಪು ಹೊಳೆದಿತ್ತು. ಆದರೂ ಮುಟ್ಟಿಲ್ಲ ಎಂದೆ. ಹಳಬರಿಗೆ ಹೊಸ ಮಷೀನ್ ಆಗುವುದಿಲ್ಲ ಎಂದುಬಿಟ್ಟರೆ? ಆ ಮಾತು ಕೇಳುವುದಕ್ಕಿಂತ ಸಾಯುವುದು ಮೇಲು ಅನಿಸಿತ್ತು ಆಗ.

ಮಷೀನ್ ತಪಾಸಣೆ ಮಾಡಿದರು. ತಪ್ಪೇನೂ ಸಿಗಲಿಲ್ಲ. ಸಿಕ್ಕಿದ್ದು ಶೇಖರಪ್ಪನ ಸಿಕ್ಕೆ ಮಾತ್ರ.

ಎರಡನೇ ತುದಿ ಹಾಕಿ ನೋಡಿದ್ದೆಯಾ ಎಂದು ಮ್ಯಾನೇಜರ್ ಕೇಳಿದರೆ ಅವನು ಇಲ್ಲ ಎಂದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಅಳತೆ ನೋಡದೆ ಸಿಕ್ಕೆ ಹೊಡೆದವನು ಎಂಬ ಹೆಸರು ಬಿದ್ದ ಮೇಲೆ ಯಾವ ಫ್ಯಾಕ್ಟರಿಯವರೂ ಅವನನ್ನು ತೆಗೆದುಕೊಳ್ಳಲಿಲ್ಲ. ಊರಿಗೆ ಹೋಗಿ ಒಂದು ಕಾಳಿನ ಅಂಗಡಿ ಸೇರಿದ.

ಹೇಗಾದರೂ ಮಾಡಿ ಹೇಳಿಬಿಡಬೇಕು ಎಂದು ಒಂದು ಭಾನುವಾರ ಕುಷ್ಟಗಿ ಬಸ್ ಹತ್ತಿದೆ. ಅವನು ತೊಗರಿ ಚೀಲದ ಬಾಯಿ ಹೊಲಿಯುತ್ತ ಕೂತಿದ್ದಾನೆ. ನನ್ನನ್ನು ಕಂಡವನೇ ದಬ್ಬಣ ಬಿಟ್ಟು ಎದ್ದು ಬರುತ್ತಾನೆ. ಹೋಟೆಲಿಗೆ ಕರೆದೊಯ್ದು ಮಿರ್ಚಿ, ಮಂಡಾಳು ಹೇಳುತ್ತಾನೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರು ಮಾಡಿದ.

"ಯಾಕಲೇ, ಮಾರಿ ಸಣ್ಣ ಮಾಡ್ಕೊಂಡು ಕುಂತಿ? ತಪ್ಪು ನಂದ ಐತಿ. ಆ ಮಷೀನ್ ಏನೋ ಮಾಡೇತಿ, ನಾ ನೋಡ್ಲಿಲ್ಲ. ನಿನ್ನ ಕೈ ಅಂಥಾ ಕೆಲಸ ಮಾಡೂದಲ್ಲ ಬಿಡು."

ಪ್ಲೇಟಿನಲ್ಲಿದ್ದ ಮಿರ್ಚಿ ಮುಗಿಸಿದೆ. ಚಹಾ ಕುಡಿದು, ಮಕ್ಕಳ ಸುದ್ದಿ ಕೇಳಿ, ಬಂದ ಬಸ್ಸಿಗೇ ವಾಪಸ್ ಬಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಆಮೇಲೆ ಎಷ್ಟೋ ವರ್ಷ ಅದೇ ಮಷೀನ್ ನಡೆಸಿದೆ. ಒಂದು ಜಾಬೂ ಕೆಡಲಿಲ್ಲ. ರಿಟೈರ್ ಆದಾಗ ಶಾಲು ಹೊದಿಸಿದರು... ಅದನ್ನು ಒಂದು ದಿನವೂ ಹೊದ್ದುಕೊಂಡಿಲ್ಲ.

ಮೊನ್ನೆ ಶೇಖರಪ್ಪ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅವನ ಮಗಳು ನನ್ನ ಕೈ ಹಿಡಿದುಕೊಂಡು ಬಂದವರಿಗೆಲ್ಲ ಹೇಳುತ್ತಿದ್ದಳು.

"ಅಪ್ಪನ ಖಾಸಾ ದೋಸ್ತ್ರು ಇವ್ರು. ತನ್ನ ತಪ್ಪಿನಿಂದ ಇವ್ರ ಹೆಸರಿಗೂ ಕಪ್ಪು ಹತ್ತಿತಲ್ಲ ಅಂತ ಅಪ್ಪ ಕಡೀತನಕ ಮರಗತಿದ್ರು."

ಈಗ ನಿಜ ಹೇಳಿದರೆ ಆಕೆಗೆ ಅಪ್ಪನ ಹೆಸರು ವಾಪಸ್ ಸಿಗುತ್ತದೆ, ಆದರೆ ಅವನು ಕೊನೆಯವರೆಗೆ ನಂಬಿದ್ದ ಗೆಳೆಯ ಉಳಿಯುವುದಿಲ್ಲ... ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?