ಲಾಡಸಾಬ ಕೊರೆದ ಮೂವತ್ತೊಂದು ಮುಚ್ಚಳ

ನನ್ನ ಬಾಯಿಯ ಮೇಲಿನ ಸಾಲು ಪೂರ್ತಿ ಲಾಡಸಾಬನ ಕೈಕೆಲಸ. ಹೀಗಾಗಿ ಅವನ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಎಂದು ಯಾರೂ ನಂಬಬೇಕಿಲ್ಲ. ಇಳಕಲ್ಲಿನಲ್ಲಿ ಅವನದು ಒಂದೇ ಕೋಣೆಯ ಅಂಗಡಿ. ಹುನಗುಂದ, ಬಾದಾಮಿ, ಬಾಗಲಕೋಟೆಯ ಹಲ್ಲಿನ ಡಾಕ್ಟರುಗಳು ರೋಗಿಗಳ ದವಡೆಯ ಅಚ್ಚು ತೆಗೆದು ಬಸ್ ಕಂಡಕ್ಟರನ ಕೈಲಿ ಕಳಿಸುತ್ತಾರೆ. ಲಾಡಸಾಬ ಅದಕ್ಕೆ ಹಲ್ಲಿನ ಸೆಟ್ ಮಾಡಿ ತಿರುಗಿ ಬಸ್ಸಿಗೆ ಹಾಕುತ್ತಾನೆ. ವಯಸ್ಸು ಐವತ್ತರ ಹತ್ತಿರ, ಮಾತು ಕಡಿಮೆ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಬಾಯಿ ನೋಡುವ ಚಟ. ನಾವು ನಕ್ಕರೆ ಅವನು ನಗುವುದಿಲ್ಲ, ಹಲ್ಲು ಎಣಿಸುತ್ತಾನೆ.

ಅವನ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮಗ ಬಾದಾಮಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಏಳು ವರ್ಷ ಪ್ಲಾಸ್ಟರ್ ಕಲಸಿ ಈ ವಿದ್ಯೆ ಕಲಿತ. ಕಲಿತದ್ದರಲ್ಲಿ ಮುಖ್ಯವಾದದ್ದು ಹೆಬ್ಬೆರಳಿನ ಪರೀಕ್ಷೆ. ಸೆಟ್ ತಯಾರಾದ ಮೇಲೆ ಅದರ ಮೈಮೇಲೆಲ್ಲ ಹೆಬ್ಬೆರಳು ಆಡಿಸಬೇಕು, ಎಲ್ಲಿಯೂ ತಡೆಯಬಾರದು. ಕೂದಲೆಳೆಯಷ್ಟು ಗೆರೆ ಉಳಿದರೂ ವಸಡು ಹುಣ್ಣಾಗುತ್ತದೆ. ಮೂವತ್ತು ವರ್ಷ ಹೀಗೆ ಉಜ್ಜಿ ಉಜ್ಜಿ ಅವನ ಹೆಬ್ಬೆರಳೇ ಸವೆದು ನುಣುಪಾಗಿದೆ.

ಕಳೆದ ಆಗಸ್ಟಿನಲ್ಲಿ ಮಹೇಶ್ವರಿ ಎಂಬ ಹೈಸ್ಕೂಲು ಟೀಚರು ಬಾಗಲಕೋಟೆಯ ನವನಗರದಿಂದ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಆಕೆಯ ಅಪ್ಪ ರಾಚಯ್ಯನವರಿಗೆ ಹಲ್ಲು ಮಾಡಿಕೊಟ್ಟವನು ಲಾಡಸಾಬನೇ.

"ಅಣ್ಣಾರ, ಅಪ್ಪನ ಹಲ್ಲು ಕೂಡಿಸಿದವರು ನೀವು. ಇದನ್ನೂ ನೀವೇ ಕೂಡಿಸಿ ಕೊಡಬೇಕ್ರಿ," ಅಂದಳು.

ಪೆಟ್ಟಿಗೆಯಲ್ಲಿ ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬೂದುಬಣ್ಣದ ತುಂಡುಗಳಿದ್ದವು. ಎಪ್ಪತ್ತೊಂದರ ಯುದ್ಧದಲ್ಲಿ ಹಾರಿದ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದ ಮಾದರಿ ಅದು. ಜೋಡಿಸಿದರೆ ಗೇಣಿನ ಮೇಲೆ ನಾಲ್ಕು ಬೆರಳು ಉದ್ದವಾಗುತ್ತದೆ. ಆಟಿಕೆ ಅಂಗಡಿಯಲ್ಲಿ ಸಿಗುವ, ಒತ್ತಿದರೆ ಕೂಡಿಕೊಳ್ಳುವ ಜಾತಿಯದಲ್ಲ. ಹೊರದೇಶದವನೊಬ್ಬ ತನ್ನ ಮನೆಯಲ್ಲೇ ಅಚ್ಚು ಮಾಡಿ ನೂರು ಎರಕ ಹೊಯ್ದು ನಿಲ್ಲಿಸಿದ್ದ. ಆಮೇಲೆ ಅಚ್ಚು ಹಾಳಾಯಿತು. ಮಹೇಶ್ವರಿ ಹುಡುಕಿ ತರಿಸಿದ್ದು ಅವನಲ್ಲಿ ಉಳಿದಿದ್ದ ಕಡೆಯ ಪೆಟ್ಟಿಗೆ. ಒಂದು ತುಂಡು ಮುರಿದರೂ ಮತ್ತೊಂದು ಸಿಗುವುದಿಲ್ಲ.

ಈ ವಿಮಾನ ಯಾಕೆ ಬೇಕಾಯಿತೆಂದರೆ, ಗುಡೂರಿನ ರಾಚಯ್ಯನವರು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ಹಾರುವ ಮೊದಲು, ಒಳಗಿನ ಯಂತ್ರಗಳಿಗೆಂದು ವಿಮಾನದ ಮೈಮೇಲೆ ಹಾಕಿದ ತಗಡಿನ ಮುಚ್ಚಳಗಳೆಲ್ಲ ಭದ್ರವಾಗಿವೆಯೇ ಎಂದು ನೋಡುವುದು ಅವರ ಕೆಲಸ. ಯುದ್ಧದ ದಿನಗಳಲ್ಲಿ ದೀಪ ಹಚ್ಚುವಂತಿರಲಿಲ್ಲ. ನಸುಕಿನ ಕತ್ತಲೆಯಲ್ಲಿ ಮೂತಿಯಿಂದ ಶುರುಮಾಡಿ ಎಡಗಡೆ, ಬಾಲ, ಬಲಗಡೆ, ಕೊನೆಗೆ ಹೊಟ್ಟೆ ಎಂದು ಒಂದು ಸುತ್ತು ಕೈಯಾಡಿಸಿ, ಪ್ರತಿ ಮುಚ್ಚಳವನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಹಾಗೆ ನೋಡಿ ಕಳಿಸಿದ ಒಂದು ವಿಮಾನ ಒಂದು ದಿನ ಹಿಂದಿರುಗಲಿಲ್ಲ. ಅದನ್ನು ಹಾರಿಸಿದವನು ರಾಜಕುಮಾರ ಎಂಬ ಇಪ್ಪತ್ತನಾಲ್ಕು ವರ್ಷದ ಪೈಲಟ್. ಶತ್ರುವಿನ ಗುಂಡು ಬಡಿದಿರಬೇಕು ಎಂದು ಕಾಗದದಲ್ಲಿ ಬರೆದು ಮುಗಿಸಿದರು. ರಾಚಯ್ಯನವರಿಗೆ ಮಾತ್ರ ಒಂದು ಅನುಮಾನ ಉಳಿಯಿತು. ಅವತ್ತು ಸುತ್ತು ಎಂದಿಗಿಂತ ಸ್ವಲ್ಪ ಬೇಗ ಮುಗಿದಿತ್ತು. ಎಲ್ಲಿ ಏನು ಬಿಟ್ಟಿತೋ ತಿಳಿಯದು.

ಆಮೇಲೆ ಊರಿಗೆ ಬಂದರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದರು, ಪೆನ್ಷನ್ ತೆಗೆದುಕೊಂಡರು, ಗ್ಲಾಕೋಮಾದಿಂದ ಎರಡೂ ಕಣ್ಣು ಕಳೆದುಕೊಂಡರು. ಆ ಅನುಮಾನವನ್ನು ಯಾರೆದುರಿಗೂ ಬಾಯಿಬಿಡಲಿಲ್ಲ. ಕಳೆದ ವರ್ಷ ಮಾಜಿ ಸೈನಿಕರ ಕಚೇರಿಯ ಮೂಲಕ ಆ ಪೈಲಟ್‌ನ ತಂಗಿಯ ಪತ್ರ ಬಂತು. ಆಕೆಗೂ ಈಗ ಎಪ್ಪತ್ತು ದಾಟಿದೆ. ಅವತ್ತು ನನ್ನ ಅಣ್ಣನ ವಿಮಾನವನ್ನು ಕಳಿಸಿಕೊಟ್ಟವರು ನೀವಂತೆ, ನಿಮಗೆ ಗೊತ್ತಿದ್ದದ್ದನ್ನು ನನಗೆ ಬರೆಯಿರಿ ಎಂದು ಕೇಳಿದ್ದಳು. ರಾಚಯ್ಯನವರು ಮಗಳೆದುರು ಆಗ ಎಲ್ಲ ಹೇಳಿದರು.

"ಏನಂತ ಬರೀಲಿ? ಖರೆ ಏನಂಬೋದು ನನಗ ಗೊತ್ತಿಲ್ಲ. ತಲಿ ಮರೀತೈತಿ, ಕೈ ಮರಿಯಂಗಿಲ್ಲ. ಆ ವಿಮಾನ ಒಮ್ಮೆ ಕೈಗೆ ಸಿಕ್ಕರ ಗೊತ್ತಾಗತೈತಿ."

ಕೈ ತಾನಾಗಿಯೇ ಎಲ್ಲ ಮುಚ್ಚಳಕ್ಕೂ ಹೋದರೆ ಅವತ್ತೂ ಹೋಗಿತ್ತು, ಒಂದನ್ನು ಬಿಟ್ಟರೆ ಅವತ್ತೂ ಬಿಟ್ಟಿತ್ತು ಎಂಬುದು ಅವರ ಲೆಕ್ಕ. ಮೂವತ್ತು ವರ್ಷ ಹುನಗುಂದದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು ನಾನು. ಇಂಥ ಸಾಕ್ಷಿ ಯಾವ ಜಡ್ಜರ ಮುಂದೆಯೂ ನಿಲ್ಲುವುದಿಲ್ಲ. ಆದರೆ ನನ್ನನ್ನು ಕೇಳಿದವರಾರು? ದೊಡ್ಡ ಊರುಗಳಲ್ಲಿ ನಿಜವಾದ ನ್ಯಾಟ್ ವಿಮಾನಗಳನ್ನು ಕಂಬದ ಮೇಲೆ ನಿಲ್ಲಿಸಿದ್ದಾರಂತೆ. ಕಣ್ಣು ಕಾಣದ ಮುದುಕರನ್ನು ಏಣಿ ಹತ್ತಿಸಿ ಮುಟ್ಟಿಸುವವರು ಯಾರು? ಅದಕ್ಕೇ ಈ ಪೆಟ್ಟಿಗೆ.

ಮಹೇಶ್ವರಿ ಲಾಡಸಾಬನಿಗೆ ಇದನ್ನೆಲ್ಲ ಹೇಳಲಿಲ್ಲ. "ಅಪ್ಪಗ ಕಣ್ಣಿಲ್ಲ, ಮುಟ್ಟಿ ನೋಡಾಕ ಬೇಕ್ರಿ," ಎಂದಷ್ಟೇ ಹೇಳಿ ಹೋದಳು.

ಲಾಡಸಾಬ ಒಂದು ತಿಂಗಳು ಅದರಲ್ಲೇ ಮುಳುಗಿದ. ಎರಕದ ಗಡ್ಡೆಗಳನ್ನು ಹಲ್ಲು ಕೊರೆಯುವ ಮಷೀನಿನಿಂದ ಕತ್ತರಿಸಿದ. ಒಂದು ರೆಕ್ಕೆ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಿತ್ತು. ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿದ. ತುಂಡು ತುಂಡಿಗೆ ಕೂಡಲು ಗೂಟವೂ ಇಲ್ಲ, ತೂತೂ ಇಲ್ಲ. ತಂತಿ ಚುಚ್ಚಿ ಅಂಟಿಸಿದ. ಇಷ್ಟೂ ಚೆನ್ನಾಗಿಯೇ ಆಯಿತು. ಆಮೇಲೆ ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ಕೂತವನು ರೂಢಿಯಂತೆ ಹೆಬ್ಬೆರಳು ಆಡಿಸಿದ. ವಿಮಾನದ ಮೈತುಂಬ ಕೂದಲಿನಂಥ ಸಣ್ಣ ಗೆರೆಗಳು ಬೆರಳಿಗೆ ತಡೆದವು. ಕಣ್ಣಿಲ್ಲದವರು ಮುಟ್ಟುವ ವಸ್ತು, ನುಣ್ಣಗಿರಬೇಕು ಎಂದು ಪುಡಿ ಹಚ್ಚಿ, ಬ್ರಷ್ಷು ತಿರುಗಿಸಿ, ಸಂಜೆಯೊಳಗೆ ಮೂತಿಯಿಂದ ಬಾಲದವರೆಗೆ ಉಜ್ಜಿಬಿಟ್ಟ. ಹುಣಸೆಬೀಜದ ಹಾಗೆ ಮಿನುಗಿತು.

ಚಹಾ ತಂದ ಹೆಂಡತಿ ಶಮಾ ನೋಡಿ, "ಇದು ವಿಮಾನ ಆಗಿಲ್ಲ, ದವಡಿ ಆಗೇತಿ," ಅಂದಳಂತೆ. ಹೆಂಡತಿಯ ಮಾತು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರು ತಾನೇ ಹಾಕಿಕೊಳ್ಳುತ್ತಾರೆ?

ಮರುದಿನ ಮಹೇಶ್ವರಿ ಬಂದು ವಿಮಾನ ಮುಟ್ಟಿ, ತಿರುಗಿಸಿ ಮತ್ತೆ ಮುಟ್ಟಿ, ಗೆರೆಗಳೆಲ್ಲಿ ಎಂದು ಕೇಳಿದಳು. ಆ ಗೆರೆಗಳೇ ಮುಚ್ಚಳಗಳ ಅಂಚು. ಅವೇ ಇಲ್ಲದ ಮೇಲೆ ಅಪ್ಪನ ಕೈ ಏನನ್ನು ಹುಡುಕಬೇಕು? ಪತ್ರದ ಸಂಗತಿಯನ್ನೆಲ್ಲ ಅವತ್ತು ಹೇಳಿದಳು. ನಾನು ಅಲ್ಲೇ ನನ್ನ ಸೆಟ್ ಸರಿಮಾಡಿಸಿಕೊಳ್ಳಲು ಕೂತಿದ್ದೆ. ಲಾಡಸಾಬನ ಮುಖ ಅವನದೇ ಪ್ಲಾಸ್ಟರಿನಂತೆ ಬಿಳಿಚಿಕೊಂಡಿತು. ಪಾಪ, ಇಷ್ಟು ವರ್ಷದಲ್ಲಿ ಹೊಳಪು ಹೆಚ್ಚಾಯಿತೆಂದು ಯಾರೂ ಅವನನ್ನು ಬೈದಿರಲಿಲ್ಲ.

"ಅಜ್ಜಾರನ್ನ ಕೇಳಿ ಮತ್ತ ಕೊರೀಲೇನ್ರಿ?"

"ಬ್ಯಾಡ್ರಿ ಅಣ್ಣಾರ. ನೀವು ಕೇಳಿದರ ಅವರು ಕುಂತು ನೆನಪ ಮಾಡ್ಕೋತಾರ. ಆಮ್ಯಾಲ ಕೈ ಕಲತಂಗ ಆಗತೈತಿ. ತಾನಾಗೇ ಹೋಗಬೇಕು."

ಪೆಟ್ಟಿಗೆಯಲ್ಲಿ ಒಂದು ನಕ್ಷೆಯ ಹಾಳೆ ಇತ್ತು. ಲಾಡಸಾಬ ಅದರ ಮೇಲೆ ತೆಳು ಕಾಗದ ಇಟ್ಟು ಗೆರೆ ಎತ್ತಿದ, ಅಳೆದ, ವಿಮಾನದ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿದ, ಮೇಣ ಕೆತ್ತುವ ಚೂಪು ಕಡ್ಡಿಯಿಂದ ಒಂದೊಂದೇ ಮುಚ್ಚಳವನ್ನು ಮತ್ತೆ ಕೊರೆದ. ಒಟ್ಟು ಮೂವತ್ತೊಂದು. ಉಗುರು ಇಟ್ಟರೆ ಇಳಿಯಬೇಕು, ಎಲ್ಲದರ ಆಳವೂ ಒಂದೇ ಇರಬೇಕು. ಬಾದಾಮಿಯ ಡಾಕ್ಟರರ ನಾಲ್ಕು ಸೆಟ್ ತಡವಾದವು, ಅಲ್ಲಿಂದ ಫೋನಿನ ಮೇಲೆ ಫೋನು ಬಂದವು. ಅವನು ಎತ್ತಲಿಲ್ಲ. ಕೊನೆಗೆ ಗೆರೆ ತುಂಬಿಕೊಳ್ಳದಷ್ಟು ತೆಳುವಾಗಿ ಬೆಳ್ಳಿಬಣ್ಣ ಊದಿದ.

ನವೆಂಬರಿನಲ್ಲಿ ಒಂದು ಭಾನುವಾರ ವಿಮಾನದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆ ಬಸ್ಸು ಹತ್ತಿದ. ಜೊತೆಗಿರಲಿ ಎಂದು ನನ್ನನ್ನೂ ಕರೆದ. ಕುತೂಹಲ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ರಾಚಯ್ಯನವರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕಾಯುತ್ತಿದ್ದರು.

"ಮೇಜಿನ ಮ್ಯಾಲ ಇಡಬ್ಯಾಡ, ಹೊಟ್ಟಿ ಸಿಗಂಗಿಲ್ಲ. ನೀ ಎತ್ತಿ ಹಿಡಕೊಂಡು ನಿಲ್ಲು. ನಾ ಏನರ ಬಿಟ್ಟರ ಕಡೀಕ ಹೇಳು, ನಡುವ ಹೇಳಬ್ಯಾಡ," ಅಂದರು.

ಲಾಡಸಾಬ ಮೂತಿಯನ್ನೂ ಬಾಲವನ್ನೂ ಬೆರಳ ತುದಿಯಲ್ಲಿ ಹಿಡಿದು ನಿಂತ. ಮುದುಕರ ಕೈ ಮೂತಿಗೆ ಬಂತು, ಒಂದು ಗಳಿಗೆ ತಡೆದು, ಎಡಕ್ಕೆ ಹೊರಟಿತು. ಹೆಬ್ಬೆರಳು ಒತ್ತುತ್ತಿತ್ತು, ಜರುಗುತ್ತಿತ್ತು, ಒತ್ತುತ್ತಿತ್ತು. ಎಪ್ಪತ್ತೈದರ ಆ ಮನುಷ್ಯ ಇಷ್ಟು ಚುರುಕಾಗಿ ಊಟಕ್ಕೂ ಕೈಹಾಕುವುದಿಲ್ಲವೆಂದು ಮಗಳು ಆಮೇಲೆ ಹೇಳಿದಳು. ಹೊಟ್ಟೆಯ ಸರದಿ ಬಂದಾಗ ಅವರು ಯಾರೂ ಹೇಳದೆಯೇ ಮಂಡಿ ಬಗ್ಗಿಸಿ ಕುಕ್ಕರುಗಾಲಲ್ಲಿ ಕೂತು ಕೈಯನ್ನು ಕೆಳಗಿನಿಂದ ಮೇಲೆತ್ತಿದರು. ಮುಚ್ಚಳಗಳು ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಲಾಡಸಾಬನ ತುಟಿ ನೋಡುತ್ತಿದ್ದೆ. ಅವನು ಸದ್ದಿಲ್ಲದೆ ಎಣಿಸುತ್ತಿದ್ದ. ಇಪ್ಪತ್ತೇಳರ ನಂತರ ತುಟಿ ನಿಂತಿತು. ಹೆಬ್ಬೆರಳು ಒಂದನ್ನು ಬಿಟ್ಟು ಮುಂದೆ ಹೋಗಿತ್ತು.

ರಾಚಯ್ಯನವರು ಸುತ್ತು ಮುಗಿಸಿ ಎದ್ದುನಿಂತರು.

"ಎಲ್ಲಾ ಆದೂ?"

"ಆದೂರಿ, ಅಜ್ಜಾರ," ಅಂದ ಲಾಡಸಾಬ. ಅನ್ನುವುದು ಬಹಳ ತಡವಾಯಿತು.

"ನಾ ಎಲ್ಲೆ ಬಿಟ್ಟೆ?"

"ಬಲಗಡಿ ಗಾಲಿ ಹಿಂದಿಂದು ಒಂದ್ರಿ." ಆಮೇಲೆ, ನಾನು ಎಂದೂ ಕೇಳದಷ್ಟು ಮಾತನ್ನು ಅವನು ಒಮ್ಮೆಗೇ ಆಡಿದ. "ಅದು ನಿಮ್ಮ ತಪ್ಪಲ್ರಿ. ಮೊದಲ ನಾ ಎಲ್ಲಾ ತಿಕ್ಕಿಬಿಟ್ಟಿದ್ದೆ. ಮತ್ತ ಕೊರಿಯೋ ಮುಂದ ಅದೊಂದು ಭಾಳ ತೆಳ್ಳಗ ಆತು. ಯಾರ ಕೈಗೂ ಹತ್ತಂಗಿಲ್ರಿ ಅದು."

"ತೋರ್ಸು."

ಲಾಡಸಾಬ ಅವರ ಬೆರಳು ಹಿಡಿದು ಅಲ್ಲಿಗೆ ಒಯ್ದ. ಉಗುರು ಗೆರೆಗೆ ಇಳಿಯಿತು. ನಾಲ್ಕೂ ಬದಿ ನಿಧಾನವಾಗಿ ಸುತ್ತಿ, ಹೊರಟಲ್ಲಿಗೇ ಬಂದು ನಿಂತಿತು.

"ಚೊಲೋ ಕೊರದೀ ತಮ್ಮಾ," ಅಂದರು ರಾಚಯ್ಯ. "ಉಳಿದವು ಹೆಂಗ ಅದಾವೋ ಹಂಗ ಐತಿ ಇದೂ."

ಮಗಳಿಗೆ ಹಾಳೆ, ಪೆನ್ನು ತರಲು ಹೇಳಿದರು. ನನಗೆ ತಡೆಯಲಾಗಲಿಲ್ಲ. "ಸ್ವಾಮ್ಯಾರ, ಒಂದು ಮುಚ್ಚಳಕ್ಕ ವಿಮಾನ ಬೀಳತೈತೇನ್ರಿ? ಎಪ್ಪತ್ತು ದಾಟಿದ ಹೆಣ್ಣುಮಗಳಿಗೆ ಯಾಕ ಬರೀತೀರಿ?" ಅಂದೆ.

"ಬಿದ್ದಿರಲಿಕ್ಕಿಲ್ಲ. ಆದರ ನಾ ನೋಡಲಿಲ್ಲ ಅನ್ನೋದು ಖರೆ. ಆಕಿ ನನಗ ಗೊತ್ತಿದ್ದದ್ದು ಕೇಳ್ಯಾಳ."

ಅವರು ಕನ್ನಡದಲ್ಲಿ ಹೇಳಿದಂತೆ ಮಹೇಶ್ವರಿ ಹಿಂದಿಯಲ್ಲಿ ಬರೆದಳು. ಆರೇ ಸಾಲು. ಕೆಳಗೆ ರಾಚಯ್ಯನವರು ಅಂದಾಜಿನ ಮೇಲೆ ಸಹಿ ಹಾಕಿದರು. ನಮಗೆ ರೊಟ್ಟಿ ಊಟ ಆಯಿತು. ಅವರು ಎರಡು ತುತ್ತು ತಿಂದು ಎದ್ದರು.

ಇಳಕಲ್ ಬಸ್ಸಿನಲ್ಲಿ ಲಾಡಸಾಬ ಕಿಟಕಿಯ ಪಕ್ಕ ಕೂತು ಖಾಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡಿದ್ದ. ಹುನಗುಂದ ದಾಟಿತು. ಆಮೇಲೆ ನನ್ನ ಕಡೆ ತಿರುಗಿ, ಎಂದೂ ನೋಡದವನು ಅವತ್ತು ನನ್ನ ಮುಖ ನೋಡಿದ.

"ತಿಕ್ಕಿದ್ದು ತಿಕ್ಕಿದಂಗ ಬಿಟ್ಟಿದ್ದರ ಆಗತಿತ್ತಲ್ರಿ," ಅಂದ.