ದೃಷ್ಟಿಬೊಟ್ಟು ಅಂದುಕೊಂಡ ಕಪ್ಪು

ಮೊನ್ನೆ ಭಾನುವಾರ ನಮ್ಮ ಮನೆಯವರು ಹಳೇ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಸವರುತ್ತಾ ಕೂತಿದ್ದರು. ದೇವರಿಗೆ ದೀಪ ಹಚ್ಚಿ ಹೊರಗೆ ಬಂದೆ, ಆ ವಾಸನೆ ಮೂಗಿಗೆ ಬಡಿಯಿತು... ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ವೀಡನ್ನಿನ ಅಜ್ಜಿ ಕಣ್ಣೆದುರು ಬಂದು ನಿಂತರು.

ಆಕೆ ಚಿತ್ರಗಾರ್ತಿ. ಮುಂದಿನ ರೂಮಿನಲ್ಲಿ ಸೋಫಾ ಇರಲಿಲ್ಲ, ಬರೀ ಕ್ಯಾನ್ವಾಸು, ಬಣ್ಣ, ಬಣ್ಣ ಕಲೆಸುವ ಇದೇ ಅಗಸೆ ಎಣ್ಣೆ. ಅವರ ಅಪ್ಪ ಸ್ವೀಡನ್ನಿನ ಒಂದು ಪುಟ್ಟ ದ್ವೀಪದ ದೀಪಸ್ತಂಭ ನೋಡಿಕೊಳ್ಳುತ್ತಿದ್ದರಂತೆ. ಚಳಿಗಾಲದಲ್ಲಿ ಅಲ್ಲಿ ಹಗಲು ಅನ್ನೋದು ಸುಮ್ಮನೆ ಇಣುಕಿ ಹೋಗುತ್ತಿತ್ತಂತೆ; ಕತ್ತಲೆಯಲ್ಲೂ ಬೇರೆ ಬೇರೆ ಬಣ್ಣ ಇದೆ ಅಂತ ಕಲಿತದ್ದು ಅಲ್ಲೇ ಅನ್ನೋರು. ಆಮೇಲೆ ಪ್ಯಾರಿಸ್ಸಿಗೆ ಹೋದಾಗ ಅಲ್ಲಿನ ಗುರು, ಗೊತ್ತಿರೋದನ್ನ ಬರೀಬೇಡ, ಕಂಡದ್ದನ್ನಷ್ಟೇ ಬರಿ ಅಂದಿದ್ದರಂತೆ. ಆ ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡಿದ್ದರು. ಇಂಗ್ಲಿಷ್ ಗಂಡನನ್ನು ಕಟ್ಟಿಕೊಂಡು ಬರ್ಮಿಂಗ್‌ಹ್ಯಾಮಿಗೆ ಬಂದವರು, ಗಂಡ ಹೋದ ಮೇಲೂ ಇಲ್ಲೇ ಉಳಿದರು. ಅವರ ಚಿತ್ರದಲ್ಲಿ ಗೋಡೆಗಳು ನೇರ ಇರುತ್ತಿರಲಿಲ್ಲ, ಮರಗಳು ನೀಲಿ. ಅರ್ಥವಾಗದಿದ್ದರೂ ನೋಡುತ್ತಾ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ.

ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದೆ. ಒಂದು ಅಕ್ಟೋಬರಿನಲ್ಲಿ ನೋಡುತ್ತೇನೆ, ಹೊಸ ಚಿತ್ರದ ನಟ್ಟನಡುವೆ ಕಾಸಗಲದ ಕಪ್ಪು ಬೊಟ್ಟು. ನನಗೆ ಖುಷಿಯೋ ಖುಷಿ. ನಮ್ಮಲ್ಲೂ ಮುದ್ದಾದ ಮಗುವಿನ ಕೆನ್ನೆಗೆ ಹೀಗೇ ದೃಷ್ಟಿಬೊಟ್ಟು ಇಡುತ್ತೇವೆ ಅಜ್ಜಿ, ಕೆಟ್ಟ ಕಣ್ಣು ಬೀಳದಿರಲಿ ಅಂತ, ಎಂದು ಹೇಳಿದೆ. ಆಕೆ ಬ್ರಷ್ಷು ಒರೆಸುತ್ತಾ, "ಹಾಗಿದ್ದರೆ ಒಳ್ಳೆಯದೇ" ಅಂದರು.

ಮುಂದಿನ ಚಿತ್ರದಲ್ಲಿ ಅದು ಅಂಗೈಯಷ್ಟಾಯಿತು. ಅದರ ಮುಂದಿನದರಲ್ಲಿ ತಟ್ಟೆಯಷ್ಟು. ಕಾಲುವೆ ಬರೆದರೂ ಚರ್ಚ್ ಬರೆದರೂ ನಡುವೆ ಅದೇ. ಆಸ್ಪತ್ರೆ ಕೆಲಸ ಮುಗಿಸಿ ಬಂದ ಇವರು, "ನಿಮ್ಮಜ್ಜಿ ಇವತ್ತೇನು ಬರೆದರು, ಕತ್ತಲೆಯೋ, ಇನ್ನೂ ಕತ್ತಲೆಯೋ?" ಅಂತ ರೇಗಿಸೋರು. ಆದರೆ ಅಜ್ಜಿ ಮಾತಾಡುವ ರೀತಿಯೂ ಬದಲಾಗಿತ್ತು. ನನ್ನ ಮುಖ ಬಿಟ್ಟು, ಭುಜದ ಹಿಂದೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ಅಲ್ಲಿಗೇ ನೋಡಿಕೊಂಡು ಮಾತಾಡೋರು. ತಿರುಗಿದರೆ ಬರೀ ಗೋಡೆ. ರಾಮ ರಾಮ ಅಂದುಕೊಂಡು ಎದ್ದು ಬರುತ್ತಿದ್ದೆ...

ಒಂದು ಶನಿವಾರ ಅಜ್ಜಿಯ ಬಾಯ್ಲರ್ ಕೆಟ್ಟಿತು ಅಂತ ಇವರೂ ನನ್ನ ಜೊತೆ ಬಂದರು. ಗೋಡೆಗೆ ಒರಗಿಸಿದ್ದ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಅವರ ನಗು ನಿಂತಿತು. ಗೇಟಿನ ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು:

"ಅದು ದೃಷ್ಟಿಬೊಟ್ಟಲ್ಲ ಕಣೇ. ಅದು ಅವರ ದೃಷ್ಟಿ."

ಕಣ್ಣಿನ ನಡುಭಾಗ ಸವೆಯುವ ಕಾಯಿಲೆ, ಅಂಚಿನದು ಕಾಣುತ್ತದೆ, ಎದುರಿನದೇ ಮರೆಯಾಗುತ್ತದೆ ಅಂದರು. ಆಕೆ ಕಂಡದ್ದನ್ನೇ ಬರೆದಿದ್ದರು.

ಮಾರನೆಯ ದಿನ ಇವರೇ ಹೋಗಿ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದರು. ಅಜ್ಜಿಗೆ ಎಲ್ಲಾ ಗೊತ್ತಿತ್ತು. ತೋರಿಸಿಯೂ ಆಗಿತ್ತು, ಮಾಡುವಂಥದ್ದೇನೂ ಇಲ್ಲ ಅಂದಿದ್ದರಂತೆ. ನೋಟ ಪೂರ್ತಿ ಮುಚ್ಚುವ ಮೊದಲು ಒಂದು ಮುಖ ಬರೆಯಬೇಕು, ಅಷ್ಟೇ ಅಂದವರು ನನ್ನ ಕಡೆ ತಿರುಗಿದರು.

"ದಿನಾ ನೀನು ಬರ್ತೀಯ. ನಿನ್ನ ಸೀರೆ ಬರುತ್ತೆ, ಬಳೆ ಸದ್ದು ಬರುತ್ತೆ. ಮುಖ ಬರೋದಿಲ್ಲ. ಕೂತ್ಕೋತೀಯಾ?"

ಕೂತೆ. ಆ ಚಳಿಗಾಲವೆಲ್ಲ ಪೂಜೆ ಮುಗಿಸಿ ಹೋಗಿ ಕೂತೆ. ನನ್ನ ಕಿವಿಯಾಚೆ ನೋಡಿದರೆ ಮುಖ ಅಂಚಿನಲ್ಲಿ ಸಿಗುತ್ತಿತ್ತಂತೆ. ಸಿಕ್ಕಿದಷ್ಟು ಬರೆಯೋರು, ಒರೆಸೋರು, ಮತ್ತೆ ಹುಡುಕೋರು. ಬ್ರಷ್ಷು ಕ್ಯಾನ್ವಾಸಿಗೆ ತಾಕದೆ ಗಾಳಿಯಲ್ಲೇ ಆಡಿದ ದಿನಗಳೂ ಇದ್ದವು. ನಾನು ಹೆದರಿಕೊಂಡು ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ. ಒಂದು ಕಣ್ಣು ಬಂತು ಅಂದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಎರಡನೆಯದಕ್ಕೆ ಪಾಯಸ ಮಾಡಿದೆ.

ಕೊನೆಗೊಂದು ದಿನ ಬ್ರಷ್ಷು ಕೈಯಲ್ಲೇ ಹಿಡಿದು, "ಬಂತಾ?" ಅಂತ ಕೇಳಿದರು.

ಎದ್ದು ಹೋಗಿ ನೋಡಿದೆ. ನಡುವೆಲ್ಲ ಕಪ್ಪು, ಬಾವಿಗೆ ಬಗ್ಗಿ ನೋಡಿದ ಹಾಗೆ. ಮೇಲಿನ ಮೂಲೆಯ ಅಂಗೈಯಗಲ ಜಾಗದಲ್ಲಿ ನಾನು. ಮೂಗುಬೊಟ್ಟು, ತುಸು ಓರೆಯಾದ ಕುಂಕುಮ, ಹೆದರಿದ ಕಣ್ಣು, ಎಲ್ಲಾ ಇತ್ತು. ಆಕೆಗೆ ಉಳಿದಿದ್ದ ಜಾಗ ಅದೊಂದೇ.

"ಬಂದಿದೆ ಅಜ್ಜಿ" ಅಂದೆ. ಬ್ರಷ್ಷು ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ.

ಮಾರ್ಚಿನಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟರು. ನರಳಲಿಲ್ಲ, ಅದೂ ದೇವರ ದಯೆ. ಸ್ವೀಡನ್ನಿನಿಂದ ತಮ್ಮನ ಮಗಳು ಬಂದು ಚಿತ್ರಗಳನ್ನೆಲ್ಲ ವ್ಯಾನಿಗೆ ಹಾಕಿಸಿಕೊಂಡು ಹೋದಳು. ಅದೊಂದನ್ನು ಕೊಡಮ್ಮ ಅಂತ ಕೇಳಲು ಬಾಯಿ ಬರಲಿಲ್ಲ. ಮನೆಯಲ್ಲಿಟ್ಟುಕೊಳ್ಳಲು ಧೈರ್ಯವೂ ಇರಲಿಲ್ಲ...

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ನನ್ನ ಕೈಕಾಲು ನೆಟ್ಟಗಿವೆ, ಇವರು ಜೊತೆಗಿದ್ದಾರೆ, ದೇವರು ಏನೂ ಕಡಿಮೆ ಮಾಡಿಲ್ಲ. ಆದರೂ ನನ್ನ ಗುರುತೇ ಇಲ್ಲದ ಯಾರದೋ ಗೋಡೆಯ ಮೇಲೆ ಆ ಕಪ್ಪಿನ ಪಕ್ಕ ನಾನು ಹಾಗೇ ಕೂತಿದ್ದೇನೆ. ಆಕೆ ಕಟ್ಟಕಡೆಗೆ ಕಂಡ ಮುಖ ಅದು, ಹೆದರಿದ ಮುಖ. ಇನ್ನೊಂದು ದಿನ ಕೂತ್ಕೊ ಅಂದಿದ್ದರೆ, ನಗುತ್ತಾ ಕೂರುತ್ತಿದ್ದೆ.